ಸರ್ ಎಂ. ವಿಶ್ವೇಶ್ವರಯ್ಯನವರೂ ಮೈಸೂರು ಸೀಮೆಯ ಸಣ್ಣ ರೈಲುಗಳೂ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಪ್ರತಿ ನವೆಂಬರಿನಲ್ಲಿಯೂ ನಾಡಿನ ಹಿರಿಯರನ್ನು ನೆನೆಯುತ್ತೇವೆ. ಆ ಹಿರಿಯರಲ್ಲಿ ಈ ಊರಿಗೂ ನಮ್ಮ ನಾಡಿಗೂ ಸಮನಾಗಿ ಸಲ್ಲುವವರು ಯಾರೆಂದು ಕೇಳಿದರೆ ಮೊದಲು ನಾಲಿಗೆಗೆ ಬರುವ ಹೆಸರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರದು. ಅವರ ಅಣೆಕಟ್ಟುಗಳ ವಿಷಯ ನಮ್ಮ ಮಕ್ಕಳ ಪಾಠಪುಸ್ತಕಗಳಲ್ಲಿಯೂ ಇದೆ. ಆದರೆ ಅವರ ಅಧಿಕಾರದ ಕಾಲದಲ್ಲಿ ನಂದಿಬೆಟ್ಟದ ಬುಡದಲ್ಲಿಯೂ ಮಲೆನಾಡಿನ ಕಾಡಿನಲ್ಲಿಯೂ ಓಡಾಡತೊಡಗಿದ ಸಣ್ಣ ರೈಲುಗಳ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಹಳಿಗಳ ಜಾಡು ಹಿಡಿದು ಆ ಮಹನೀಯರ ಜೀವನವನ್ನು ನೋಡುವುದೇ ಈ ಲೇಖನದ ಉದ್ದೇಶ.

ವಿಶ್ವೇಶ್ವರಯ್ಯನವರು ೧೮೬೧ರ ಸೆಪ್ಟೆಂಬರ್ ೧೫ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಅವರು ಮೂರು ವರ್ಷದ ಕೂಸಾಗಿದ್ದಾಗ, ಅಂದರೆ ೧೮೬೪ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ಬಂದಿತು. ಆದರೆ ಚಿಕ್ಕಬಳ್ಳಾಪುರದ ಕಡೆಯವರಿಗೆ ಅದರಿಂದ ಏನು ಪ್ರಯೋಜನ? ಬೆಂಗಳೂರಿಗೆ ಹೋಗಬೇಕಾದರೆ ಎತ್ತಿನ ಗಾಡಿ, ಇಲ್ಲವೇ ಕಾಲ್ನಡಿಗೆ. ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಆ ದಾರಿಯಲ್ಲಿಯೇ ಬೆಂಗಳೂರು ಸೇರಿ, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ೧೮೮೧ರಲ್ಲಿ ಬಿ.ಎ. ಪದವಿ ಪಡೆದನು. ಅನಂತರ ಪುಣೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದನು. ಹಳ್ಳಿಯಲ್ಲಿ ಬುದ್ಧಿಯಿದ್ದರೆ ಸಾಲದು, ಅದು ಹೊರಕ್ಕೆ ಬರಲು ದಾರಿಯೂ ಬೇಕೆಂಬುದಕ್ಕೆ ಈ ಬಾಲ್ಯವೇ ಸಾಕ್ಷಿ.

ಮುಂಬಯಿ ಪ್ರಾಂತದಲ್ಲಿ ಅವರು ಮಾಡಿದ ಕೆಲಸವೆಲ್ಲ ಬಹುಪಾಲು ನೀರಿನದು. ಸಿಂಧ್‌ನ ಸಕ್ಕರಿನಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಮಾಡಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ, ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ೧೯೦೮ರಲ್ಲಿ ಆ ಸೇವೆಯಿಂದ ನಿವೃತ್ತರಾಗಿ ವಿದೇಶ ಪ್ರವಾಸದಲ್ಲಿದ್ದಾಗಲೇ ನಮ್ಮ ಹೈದರಾಬಾದು ಅವರನ್ನು ಕರೆಯಿತು.

೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ಬಂದು ಈ ನಗರವನ್ನು ಕೊಚ್ಚಿಹಾಕಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಹುಣಿಸೆಮರವೊಂದನ್ನು ಹತ್ತಿ ನೂರಾರು ಮಂದಿ ಬದುಕಿಕೊಂಡರೆಂಬುದನ್ನು ಈ ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ೧೯೦೯ರಲ್ಲಿ ಇಲ್ಲಿಗೆ ಬಂದ ವಿಶ್ವೇಶ್ವರಯ್ಯನವರು ಮೊದಲು ಮಾಡಿದ ಕೆಲಸ ಲೆಕ್ಕ ಹಾಕಿದ್ದು. ಎಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ನೀರು ಹರಿಯಿತು, ಮೇಲಿನ ಕೆರೆಗಳು ಏನಾದವು ಎಂದು ವಿಚಾರಿಸಿದಾಗ, ಇನ್ನೂರಕ್ಕೂ ಹೆಚ್ಚು ಕೆರೆಗಳು ಒಂದರ ಹಿಂದೆ ಒಂದು ಒಡೆದು ಪ್ರವಾಹವನ್ನು ಹಿಗ್ಗಿಸಿದ್ದು ಕಂಡುಬಂದಿತು. ಮೂಸಿಗೊಂದು, ಅದನ್ನು ಸೇರುವ ಈಸಿಗೊಂದು ದೊಡ್ಡ ಜಲಾಶಯ ಕಟ್ಟಿ, ಪ್ರವಾಹವನ್ನು ನಗರದ ಮೇಲ್ಗಡೆಯೇ ತಡೆದು ಮೆಲ್ಲಗೆ ಬಿಡಬೇಕೆಂಬುದು ಅವರ ಸಲಹೆ. ಅದರಂತೆ ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಮುಂದೆ ನಗರದ ಒಳಚರಂಡಿಯ ಯೋಜನೆಗೂ ಅವರು ಇಲ್ಲಿಗೆ ಬಂದುಹೋದರು.

ಇಲ್ಲಿನ ಯೋಜನೆಯನ್ನು ಸಿದ್ಧಗೊಳಿಸಿದ ಬಳಿಕ, ೧೯೦೯ರ ನವೆಂಬರಿನಲ್ಲಿ, ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾದರು. ರೈಲ್ವೆಯ ಕಾರ್ಯದರ್ಶಿ ಸ್ಥಾನವೂ ಅವರದೇ ಆಯಿತು. ೧೯೧೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಕನ್ನಂಬಾಡಿಯ ಕಟ್ಟೆ ಏಳುತ್ತಿದ್ದ ಆ ವರ್ಷಗಳಲ್ಲಿಯೇ ಸಣ್ಣ ರೈಲುಗಳೂ ಹುಟ್ಟಿದವು.

ಸಣ್ಣ ರೈಲು ಎಂದರೇನೆಂದು ಇಂದಿನ ಮಕ್ಕಳಿಗೆ ತಿಳಿಸಿ ಹೇಳಬೇಕು. ದೊಡ್ಡ ರೈಲಿನ ಎರಡು ಕಂಬಿಗಳ ನಡುವೆ ಐದೂವರೆ ಅಡಿ ಅಂತರ. ಮೀಟರ್ ಗೇಜಿನಲ್ಲಿ ಸುಮಾರು ಮೂರು ಕಾಲಡಿ. ನ್ಯಾರೋ ಗೇಜಿನಲ್ಲಿ ಎರಡೂವರೆ ಅಡಿ ಅಥವಾ ಎರಡೇ ಅಡಿ. ಅಂತರ ಕಿರಿದಾದಷ್ಟೂ ಕಂಬಿ ಹಗುರ, ಸೇತುವೆ ಚಿಕ್ಕದು, ಖರ್ಚು ಕಡಮೆ. ಬೆಟ್ಟವನ್ನು ಸುತ್ತಿ ಹೋಗಬೇಕಾದ ಕಡೆ ಬಂಡಿ ಬಳುಕಿಕೊಂಡು ತಿರುಗುತ್ತದೆ. ವರಮಾನ ಅಲ್ಪವಾದ ಸೀಮೆಗೆ ಇದೇ ತಕ್ಕದ್ದು.

ಹೀಗೆ ೧೯೧೩ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿಯ ರೈಲು ಓಡಿತು. ೧೯೧೫ರಲ್ಲಿ ಬೆಂಗಳೂರಿನಿಂದ ಯಲಹಂಕ, ದೇವನಹಳ್ಳಿ, ನಂದಿಯ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ಬಂದಿತು. ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಇವೆರಡೂ ಕೂಡಿಕೊಂಡವು. ಗಾಡಿಯಿಲ್ಲದೆ ಬೆಂಗಳೂರು ಕಾಣದಿದ್ದ ಸೀಮೆಯ ಹುಡುಗ ದಿವಾನಗಿರಿಯಲ್ಲಿದ್ದಾಗ ಅದೇ ಸೀಮೆಗೆ ರೈಲು ಬಂದದ್ದು ನೋಡಿ! ಇತ್ತ ಮಲೆನಾಡಿನಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಎರಡಡಿಯ ಪುಟ್ಟ ರೈಲು ಸಾಗಿತು.

ಈ ರೈಲುಗಳಿಗೆ ಒಂದು ಕುಂದೂ ಇದ್ದಿತು. ದೊಡ್ಡ ಹಳಿಯನ್ನು ಸೇರುವ ನಿಲ್ದಾಣದಲ್ಲಿ ಸರಕನ್ನೆಲ್ಲ ಇಳಿಸಿ, ಕೂಲಿಯವರ ತಲೆಯ ಮೇಲೆ ಹೊರಿಸಿ, ಇನ್ನೊಂದು ಬಂಡಿಗೆ ತುಂಬಬೇಕು. ಹೊತ್ತೂ ಹಣವೂ ವ್ಯಯ. ಮೋಟಾರು ಬಸ್ಸು, ಲಾರಿಗಳು ಹೆಚ್ಚಿದ ಮೇಲೆ ಸಣ್ಣ ರೈಲಿಗೆ ಪೈಪೋಟಿ ಬಲವಾಯಿತು. ತರೀಕೆರೆಯ ಪುಟ್ಟ ರೈಲು ಇಂದು ಇಲ್ಲ. ಆದರೂ ದಾರಿಯೇ ಇಲ್ಲದಿದ್ದ ಕಾಲದಲ್ಲಿ ಅಗ್ಗದ ದಾರಿಯನ್ನಾದರೂ ಕೊಡುವುದು ಮೇಲೋ, ದೊಡ್ಡದಕ್ಕೆ ಹಣವಿಲ್ಲವೆಂದು ಕೈಕಟ್ಟಿ ಕೂಡುವುದು ಮೇಲೋ? ಮೈಸೂರು ಮೊದಲನೆಯದನ್ನು ಆರಿಸಿಕೊಂಡಿತು. ಅದು ಸರಿಯೆಂದೇ ನಮ್ಮ ಅಭಿಪ್ರಾಯ.

ಸರ್ಕಾರಿ ಹುದ್ದೆಗಳ ಹಂಚಿಕೆಯ ವಿಚಾರದಲ್ಲಿ ಮಹಾರಾಜರೊಡನೆ ಅಭಿಪ್ರಾಯಭೇದವುಂಟಾಗಿ ವಿಶ್ವೇಶ್ವರಯ್ಯನವರು ೧೯೧೮ರ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ಆದರೆ ಭದ್ರಾವತಿ ಅವರನ್ನು ಬಿಡಲಿಲ್ಲ. ೧೯೨೩ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆ ತೊಂದರೆಯಲ್ಲಿದ್ದಾಗ ಅದರ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿ ೧೯೨೯ರವರೆಗೆ ನಡೆಸಿಕೊಟ್ಟರು. ಕೆಮ್ಮಣ್ಣುಗುಂಡಿಯ ಅದಿರು ಹಗ್ಗದ ದಾರಿಯಲ್ಲಿ ತೂಗಿಕೊಂಡು ಬೆಟ್ಟವಿಳಿದು, ಬುಡದಿಂದ ಟ್ರಾಮ್ ಬಂಡಿಗಳಲ್ಲಿ ಭದ್ರಾವತಿ ಸೇರುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಕಾಡಿನ ಮರಗಳು ಉರುಳಿದವು ಎಂಬುದನ್ನೂ ಇಲ್ಲಿ ಹೇಳದಿರಲಾಗದು. ಸಾವಿರಾರು ಸಂಸಾರಗಳಿಗೆ ಅನ್ನ ಸಿಕ್ಕಿತು. ಕಾಡು ಅದರ ಬೆಲೆ ತೆತ್ತಿತು.

ಅವರ ಒಂದು ದೊಡ್ಡ ಕನಸು ಮಾತ್ರ ಅವರ ಜೀವಮಾನದಲ್ಲಿ ಕೈಗೂಡಲಿಲ್ಲ. ಮೈಸೂರು ಸಂಸ್ಥಾನಕ್ಕೆ ಕಡಲಿರಲಿಲ್ಲ. ಭಟ್ಕಳದಲ್ಲಿ ಬಂದರು ಬೆಳೆಸಿ, ಘಟ್ಟವನ್ನು ಇಳಿಯುವ ರೈಲು ಹಾಕಿಸಬೇಕೆಂಬುದು ಅವರ ಯೋಜನೆ. ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಯ ಮಾರ್ಗ ೧೯೧೮ರ ವೇಳೆಗೆ ಆಯಿತು. ಘಟ್ಟದ ರೈಲು ಆಗಲಿಲ್ಲ. ೧೯೫೫ರಲ್ಲಿ ಭಾರತರತ್ನ ಪದವಿಯನ್ನು ಪಡೆದ ಅವರು ನೂರು ವರ್ಷ ದಾಟಿ ೧೯೬೨ರ ಏಪ್ರಿಲ್‌ನಲ್ಲಿ ಕಾಲವಾದರು. ಹಾಸನ–ಮಂಗಳೂರು ರೈಲು ಓಡಿದ್ದು ೧೯೭೯ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಐವತ್ತಕ್ಕೂ ಹೆಚ್ಚು ಸುರಂಗಗಳನ್ನೂ ನೂರಕ್ಕೂ ಹೆಚ್ಚು ಸೇತುವೆಗಳನ್ನೂ ದಾಟುವ ಆ ಹಾದಿಯನ್ನು ನೋಡಿದವರಿಗೆ ತಡವೇಕಾಯಿತೆಂದು ತಿಳಿಯುತ್ತದೆ.

ಚಿಕ್ಕಬಳ್ಳಾಪುರದ ಕಿರುಹಳಿ ೧೯೯೦ರ ದಶಕದಲ್ಲಿ ಅಗಲ ಹಳಿಯಾಯಿತು. ಕೋಲಾರ–ಚಿಕ್ಕಬಳ್ಳಾಪುರದ ನಡುವೆ ೨೦೧೩ರಲ್ಲಿ ದೊಡ್ಡ ರೈಲು ಮತ್ತೆ ಓಡಿತು. ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ೨೦೨೧ರಲ್ಲಿ ತೆರೆದ ಪುಟ್ಟ ರೈಲುನಿಲ್ದಾಣವಿರುವುದೂ ಆ ಹಳೆಯ ಹಾದಿಯಲ್ಲಿಯೇ. ಸಣ್ಣದಾಗಿ ಆರಂಭವಾದದ್ದು ಸಣ್ಣದಾಗಿಯೇ ಉಳಿಯಬೇಕೆಂದಿಲ್ಲ. ಆದರೆ ಆರಂಭವೇ ಆಗದಿದ್ದರೆ ಹಿಗ್ಗಿಸುವುದಕ್ಕೆ ಏನಿರುತ್ತದೆ?

ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದವರೂ ಹಳೆಯ ಮೈಸೂರಿನಿಂದ ಬಂದವರೂ ಈ ನಗರದಲ್ಲಿ ಒಂದೇ ಮನೆಯವರಂತೆ ಬಾಳುತ್ತಿದ್ದೇವೆ. ಅವರ ಊರುಗಳು ೧೯೫೬ರವರೆಗೆ ಈ ಹೈದರಾಬಾದಿನೊಡನೆಯೇ ಇದ್ದವು. ಮುಂದಿನ ಭಾನುವಾರ ಮಕ್ಕಳನ್ನು ಉಸ್ಮಾನ್ ಸಾಗರದ ಏರಿಗೆ ಕರೆದುಕೊಂಡು ಹೋಗೋಣ. ಅದರ ಯೋಜನೆ ಮಾಡಿದವರು ನಂದಿಬೆಟ್ಟದ ಬುಡದ ಹಳ್ಳಿಯವರೆಂದೂ, ಆ ಸೀಮೆಗೆ ಒಂದು ಪುಟ್ಟ ರೈಲು ಓಡುತ್ತಿತ್ತೆಂದೂ ಕನ್ನಡದಲ್ಲಿಯೇ ಹೇಳೋಣ. ಕೇಳಿದ ಮಗು ಲೆಕ್ಕ ಹಾಕಿ ಕೆಲಸ ಮಾಡುವುದನ್ನು ಕಲಿತರೆ ನಮ್ಮ ರಾಜ್ಯೋತ್ಸವ ಸಾರ್ಥಕ.