ಜೂಲಿಯಸ್ ವೆಲ್‌ಹೌಸೆನ್: ವಿದ್ವತ್ತು ಮತ್ತು ಪೀಠತ್ಯಾಗ

ಹಳೆಯ ಒಡಂಬಡಿಕೆಯ ಆಧುನಿಕ ಅಧ್ಯಯನಕ್ಕೆ ದಿಕ್ಕು ತೋರಿದವರಲ್ಲಿ ಜೂಲಿಯಸ್ ವೆಲ್‌ಹೌಸೆನ್ ಪ್ರಮುಖರು. ಜರ್ಮನಿಯ ಹಾಮೆಲ್ನ್ ಪಟ್ಟಣದ ಲೂಥರನ್ ಪಾದ್ರಿಯೊಬ್ಬರ ಮಗನಾಗಿ 1844ರಲ್ಲಿ ಜನಿಸಿದ ಇವರು ಗಟಿಂಗೆನ್‌ನಲ್ಲಿ ಹೈನ್‌ರಿಖ್ ಎವಾಲ್ಡರ ಶಿಷ್ಯರಾಗಿ ಹೀಬ್ರೂ ಕಲಿತರು. ಸಮುವೇಲನ ಗ್ರಂಥಗಳ ಪಾಠವನ್ನು ಕುರಿತ 1871ರ ಕೃತಿಯಲ್ಲಿ ಹೀಬ್ರೂ ಮೂಲವನ್ನು ಗ್ರೀಕ್ ಅನುವಾದದೊಡನೆ ಹೋಲಿಸಿ ಪಾಠಶುದ್ಧಿಗೆ ತೊಡಗಿದರು. ಅವರ ಕೆಲವು ಊಹಾಪಾಠಗಳನ್ನು ಕುಮ್ರಾನಿನಲ್ಲಿ ದೊರೆತ ಹಸ್ತಪ್ರತಿಗಳು ಎಂಟು ದಶಕಗಳ ಅನಂತರ ಸಮರ್ಥಿಸಿದವು. ಗ್ರಂಥಸಂಪಾದಕನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕಿಲ್ಲ.

ಅವರಿಗೆ ಖ್ಯಾತಿ ತಂದದ್ದು 1878ರಲ್ಲಿ ಪ್ರಕಟವಾಗಿ, 1883ರ ಆವೃತ್ತಿಯಿಂದ ‘ಪ್ರೊಲೆಗೊಮೆನಾ’ ಎಂದೇ ಪ್ರಸಿದ್ಧವಾದ ಇಸ್ರಾಯೇಲ್ ಇತಿಹಾಸದ ಪೀಠಿಕೆ. ಮೋಶೆಯದೆಂದು ಪರಂಪರೆ ನಂಬಿದ ಪಂಚಗ್ರಂಥಗಳಲ್ಲಿ ಯಾಹ್ವೀಯ, ಎಲೋಹೀಯ, ಧರ್ಮೋಪದೇಶ, ಯಾಜಕ ಎಂಬ ನಾಲ್ಕು ಆಕರಗಳು ಬೆರೆತಿವೆ ಎಂಬ ವಿಚಾರ ಅವರ ಸ್ವಂತದ್ದಲ್ಲ. ಡಿ ವೆಟ್ಟೆ, ಗ್ರಾಫ್, ಕ್ಯೂನೆನ್ ಮೊದಲಾದವರು ದಾರಿ ಸವೆಸಿದ್ದರು. ವೆಲ್‌ಹೌಸೆನ್ನರ ಸಾಧನೆಯಿರುವುದು ಅವುಗಳ ಕಾಲಾನುಕ್ರಮವನ್ನು ಆರಾಧನೆಯ ಇತಿಹಾಸದಿಂದ ಸಾಧಿಸಿದುದರಲ್ಲಿ. ಪ್ರಾಚೀನ ಕಥನಗಳಲ್ಲಿ ಎಲ್ಲೆಂದರಲ್ಲಿ ಯಜ್ಞವೇದಿಗಳು ಏಳುತ್ತವೆ. ಧರ್ಮೋಪದೇಶಕಾಂಡ ಒಂದೇ ಸ್ಥಳದಲ್ಲಿ ಆರಾಧನೆ ನಡೆಯಬೇಕೆಂದು ಒತ್ತಾಯಿಸುತ್ತದೆ, ಇದು ಕ್ರಿ.ಪೂ. 7ನೆಯ ಶತಮಾನದ ಯೋಷೀಯ ರಾಜನ ಸುಧಾರಣೆಗೆ ಹೊಂದುತ್ತದೆ. ಯಾಜಕ ಭಾಗಕ್ಕಾದರೋ ಒತ್ತಾಯದ ಅಗತ್ಯವೇ ಇಲ್ಲ, ಅದು ಏಕಸ್ಥಾನವನ್ನು ಗೃಹೀತವೆಂದೇ ಭಾವಿಸುತ್ತದೆ. ಆದ್ದರಿಂದ ಅದು ಎಲ್ಲಕ್ಕಿಂತ ಈಚಿನದು, ಬಾಬೆಲಿನ ಸೆರೆಯ ನಂತರದ್ದು. ಧರ್ಮಶಾಸ್ತ್ರ ಪ್ರವಾದಿಗಳಿಗಿಂತ ಮೊದಲಿನದಲ್ಲ, ಅನಂತರದ್ದು ಎಂಬ ಈ ನಿರ್ಣಯ ಇಸ್ರಾಯೇಲಿನ ಇತಿಹಾಸವನ್ನೇ ತಲೆಕೆಳಗು ಮಾಡಿತು.

ಇದರ ಬೆಲೆಯನ್ನು ಅವರೇ ತೆತ್ತರು. 1872ರಿಂದ ಗ್ರೈಫ್ಸ್‌ವಾಲ್ಡ್‌ನಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು, ತಮ್ಮ ಬೋಧನೆ ವಿದ್ಯಾರ್ಥಿಗಳನ್ನು ಚರ್ಚಿನ ಸೇವೆಗೆ ಅನರ್ಹರನ್ನಾಗಿಸುತ್ತಿದೆಯೆಂದು ಮನಗಂಡು 1882ರಲ್ಲಿ ಪೀಠವನ್ನು ತ್ಯಜಿಸಿ, ಹಾಲೆಯಲ್ಲಿ ಪೌರ್ವಾತ್ಯ ಭಾಷೆಗಳ ಕೆಳದರ್ಜೆಯ ಹುದ್ದೆಗೆ ಹೋದರು. ಯಾರೂ ಅವರನ್ನು ಹೊರಹಾಕಿರಲಿಲ್ಲ. ಅವರ ವಿಚಾರಗಳನ್ನು ಆಂಗ್ಲ ಓದುಗರಿಗೆ ಪರಿಚಯಿಸಿದ, 1885ರ ಅನುವಾದಕ್ಕೆ ಮುನ್ನುಡಿ ಬರೆದ ರಾಬರ್ಟ್‌ಸನ್ ಸ್ಮಿತ್ ಸ್ಕಾಟ್ಲೆಂಡಿನಲ್ಲಿ 1881ರಲ್ಲಿ ಪದಚ್ಯುತರಾದುದನ್ನು ನೆನೆದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಈ ವಾದಕ್ಕೆ ಮಿತಿಗಳಿಲ್ಲವೆಂದಲ್ಲ. ಸಹಜವಾದ ಆದಿಮ ಭಕ್ತಿ ಕ್ರಮೇಣ ವಿಧಿನಿಯಮಗಳ ಬಿಗಿತಕ್ಕೆ ಸಿಲುಕಿತೆಂಬ ಅವರ ಚಿತ್ರಣದಲ್ಲಿ ಉತ್ತರಕಾಲೀನ ಯೆಹೂದ್ಯ ಧರ್ಮದ ಬಗೆಗೆ ತಾತ್ಸಾರವಿದೆ; ಸೊಲೊಮನ್ ಶೆಕ್ಟರ್ ಮೊದಲಾದ ಯೆಹೂದಿ ವಿದ್ವಾಂಸರು ಇಂಥ ವಿಮರ್ಶೆಯನ್ನು ತೀವ್ರವಾಗಿ ಖಂಡಿಸಿದರು. ಕಾಲನಿರ್ಣಯವೂ ಮೌಲ್ಯನಿರ್ಣಯವೂ ಇಲ್ಲಿ ಹೆಣೆದುಕೊಂಡಿವೆ. ಗುಂಕೆಲ್ ಲಿಖಿತ ಆಕರಗಳ ಹಿಂದಿನ ಮೌಖಿಕ ಪರಂಪರೆಯತ್ತ ಗಮನ ಸೆಳೆದರು. ಯೆಹೆಜ್ಕೇಲ್ ಕೌಫ್‌ಮನ್ ಯಾಜಕ ಭಾಗವೇ ಧರ್ಮೋಪದೇಶಕಾಂಡಕ್ಕಿಂತ ಹಳೆಯದೆಂದು ವಾದಿಸಿದರು. 1970ರ ದಶಕದಿಂದ ನಾಲ್ಕು ಆಕರಗಳ ಸಿದ್ಧಾಂತವೇ ಪ್ರಶ್ನೆಗೊಳಗಾಗಿದೆ. ಆದರೂ ಪ್ರತಿಯೊಬ್ಬ ವಿರೋಧಿಯೂ ಅವರ ವಾದವನ್ನು ಎದುರಿಸಿಯೇ ಮುಂದೆ ಸಾಗಬೇಕಾಗಿದೆ.

ಮಾರ್ಬುರ್ಗ್‌ನಲ್ಲಿ 1885ರಿಂದ, ಗಟಿಂಗೆನ್‌ನಲ್ಲಿ 1892ರಿಂದ ಪ್ರಾಧ್ಯಾಪಕರಾಗಿದ್ದ ಅವರು ಅರಬ್ ಇತಿಹಾಸದಲ್ಲೂ ಆಕರವಿಮರ್ಶೆಯ ಮಾರ್ಗವನ್ನೇ ಅನುಸರಿಸಿದರು. ಉಮಯ್ಯದ್ ಆಳ್ವಿಕೆಯನ್ನು ಕುರಿತ 1902ರ ಗ್ರಂಥ ಇದಕ್ಕೆ ನಿದರ್ಶನ. 1903ರಿಂದ ಮಾರ್ಕ, ಮತ್ತಾಯ, ಲೂಕ, ಯೋಹಾನರ ಸುವಾರ್ತೆಗಳಿಗೆ ಒಂದೊಂದಾಗಿ ವ್ಯಾಖ್ಯಾನ ಬರೆದರು. 1918ರಲ್ಲಿ ಗಟಿಂಗೆನ್‌ನಲ್ಲಿ ನಿಧನರಾಗುವವರೆಗೂ ಅವರು ದೈವಶಾಸ್ತ್ರದ ಪೀಠಕ್ಕೆ ಹಿಂದಿರುಗಲಿಲ್ಲ.