ಬರಿದಾದ ಸಂಜೆ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಒಬ್ಬ ರೇಷ್ಮೆ ನೇಕಾರನಿದ್ದಾನೆ. ಕುಡಿತದ ದೆಸೆಯಿಂದ ಮಗ್ಗವನ್ನೇ ಮಾರಿಕೊಂಡವನು. ವ್ಯಸನಮುಕ್ತಿ ಶಿಬಿರದಿಂದ ಹೊಸ ಮನುಷ್ಯನಾಗಿ ಹಿಂದಿರುಗಿದ. ಮೂರು ತಿಂಗಳು ಕಳೆಯುವುದರೊಳಗೆ ಮತ್ತೆ ಜಾರಿದ. ಅಂದು ಅವನು ಎದುರಾದಾಗ ನಾನು ಕಂಡೂ ಕಾಣದವನಂತೆ ನಡೆದುಬಿಟ್ಟೆ. ಮನೆಗೆ ಬಂದ ಮೇಲೆ ಕಾಡಿದ ನಾಚಿಕೆಯೇ ನನಗೆ ಚಕ್ರವರ್ತಿ ರಾಜಗೋಪಾಲಾಚಾರ್ಯರ ಬಾಳನ್ನು ನೆನಪಿಗೆ ತಂದಿತು.

ರಾಜಾಜಿಯವರು ನಮಗೆ ಹೊರಗಿನವರಲ್ಲ. 1956ರ ವರೆಗೆ ಕೊಳ್ಳೇಗಾಲ, ಹನೂರುಗಳು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ನೆರೆಯ ಯಳಂದೂರು ಮೈಸೂರು ಸೀಮೆಯದು. ಅವರು 1878ರಲ್ಲಿ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲರಾದರು. 1916ರಲ್ಲಿ ಪತ್ನಿ ತೀರಿಕೊಂಡರು. ಐವರು ಮಕ್ಕಳ ಹೊಣೆ ಅವರೊಬ್ಬರ ಹೆಗಲಿಗೆ ಬಿದ್ದಿತು. ಗಾಂಧೀಜಿಯವರ ಕರೆಗೆ ಓಗೊಟ್ಟು ವಕೀಲಿಯನ್ನು ತ್ಯಜಿಸಿ, 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮವನ್ನು ಕಟ್ಟಿದರು. ಪಾನನಿರೋಧ ಪ್ರಚಾರಕ್ಕೆಂದೇ ವಿಮೋಚನಂ ಎಂಬ ತಮಿಳು ಪತ್ರಿಕೆಯನ್ನು ನಡೆಸಿದರು.

1937ರಲ್ಲಿ ಪ್ರಾಂತ್ಯದ ಆಡಳಿತ ಅವರ ಕೈಗೆ ಬಂದಿತು. ಅದೇ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಾಯಿತು. ಹೆಂಡದಂಗಡಿ ಮುಚ್ಚಿದರೆ ದುಡಿದು ದಣಿದವನ ಸಂಜೆ ಬರಿದಾಗುತ್ತದೆ. ಬರಿದಾದ ಸಂಜೆ ಅವನನ್ನು ಹಳೆಯ ಹಾದಿಗೇ ಎಳೆಯುತ್ತದೆ. ಇದನ್ನು ಅವರು ಬಲ್ಲವರಾಗಿದ್ದರೆಂದು ನನಗೆ ತೋರುತ್ತದೆ. ಏಕೆಂದರೆ ಕಾನೂನಿನ ಜೊತೆಯಲ್ಲಿಯೇ ಚಹದಂಗಡಿ, ಆಟಪಾಟ, ಉಳಿತಾಯಗಳಿಗೂ ಉತ್ತೇಜನ ದೊರೆಯಿತು. ಬೊಕ್ಕಸದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು.

ಆದರೆ ವ್ಯಸನಿಯಂತೆಯೇ ಕಾನೂನೂ ಜಾರಿತು. ಮಂತ್ರಿಮಂಡಲ ರಾಜೀನಾಮೆಯಿತ್ತ ಬಳಿಕ, ಯುದ್ಧಕಾಲದಲ್ಲಿ, ಪಾನನಿರೋಧ ಅಮಾನತಾಯಿತು. 1948ರ ವೇಳೆಗೆ ಅದು ಮರಳಿ ಬಂದು, ನಮ್ಮ ಕೊಳ್ಳೇಗಾಲವೂ ಸೇರಿದಂತೆ ಇಡೀ ಪ್ರಾಂತ್ಯವನ್ನು ವ್ಯಾಪಿಸಿತು. ಕಳ್ಳಭಟ್ಟಿ ಮಾತ್ರ ನಿಲ್ಲಲಿಲ್ಲ. 1971ರಲ್ಲಿ ತಮಿಳುನಾಡು ಸರ್ಕಾರ ನಿಷೇಧವನ್ನು ತೆಗೆಯಹೊರಟಾಗ, 92 ವರ್ಷದ ಆ ವೃದ್ಧರು ಮುಖ್ಯಮಂತ್ರಿಯವರನ್ನು ಸ್ವತಃ ಕಂಡು ಬೇಡಿಕೊಂಡರು. ಫಲ ದೊರೆಯಲಿಲ್ಲ. 1972ರ ಡಿಸೆಂಬರ್ 25ರಂದು ಅವರು ಕಣ್ಮುಚ್ಚಿದರು. ಎರಡು ವರ್ಷಗಳೊಳಗೆ ಅದೇ ಸರ್ಕಾರ ಅಂಗಡಿಗಳನ್ನು ಮತ್ತೆ ಮುಚ್ಚಿಸಿತು; ಅದನ್ನು ನೋಡಲು ಅವರಿರಲಿಲ್ಲ.

ಕುಡಿದವನನ್ನು ಅಪರಾಧಿಯಾಗಿ ಕಂಡದ್ದು ಆ ಕಾನೂನಿನ ಕೊರತೆಯೆಂದು ನಾನು ಭಾವಿಸುತ್ತೇನೆ. ಮರಳಿ ಜಾರುವುದು ಈ ರೋಗದ ಸ್ವಭಾವವೆಂದು ವೈದ್ಯರು ಇಂದು ತಿಳಿಸುತ್ತಾರೆ. ಹಳೆಯ ಗೆಳೆಯರು, ಕೆಲಸವಿಲ್ಲದ ಹೊತ್ತು, ಜನರ ತಾತ್ಸಾರ, ಇವೇ ಅದಕ್ಕೆ ದಾರಿ. ಮದ್ದು ಕುಡಿತವನ್ನು ಬಿಡಿಸಲು ನೆರವಾಗಬಲ್ಲದು. ಸಂಜೆಯನ್ನು ತುಂಬಬೇಕಾದವರು ನೆರೆಹೊರೆಯವರು. ಸೋಲಿನ ಮೇಲೆ ಸೋಲುಂಡರೂ ರಾಜಾಜಿಯವರು ತಮ್ಮ ಪ್ರಯತ್ನವನ್ನು ಕೈಬಿಡಲಿಲ್ಲ. ನಾನಾದರೋ ಒಂದೇ ಸೋಲಿಗೆ ಒಬ್ಬ ಮನುಷ್ಯನನ್ನು ಕೈಬಿಟ್ಟಿದ್ದೆ.

ನಿನ್ನೆ ಆ ನೇಕಾರನನ್ನು ನಮ್ಮ ಜಗುಲಿಗೆ ಕರೆದು ಕಾಫಿ ಕೊಟ್ಟೆ. ಮೊದಲು ಸಂಕೋಚಪಟ್ಟ, ಬಳಿಕ ಮಗ್ಗದ ಮಾತು ತೆಗೆದ. ದೀಪ ಹಚ್ಚಿ ಬಹಳ ಹೊತ್ತಾದರೂ ಅವನು ಏಳಲಿಲ್ಲ, ನಾನೂ ಏಳಿಸಲಿಲ್ಲ.