ಸೈಪ್ರಸ್ಸಿನಲ್ಲಿ ಜನರಲ್ ತಿಮ್ಮಯ್ಯನವರು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವವರು ದಾರಿಯಲ್ಲಿ ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಅದಕ್ಕಿಂತ ತುಸುವೇ ಉದ್ದವಾದ, ಸೈಪ್ರಸ್ ದ್ವೀಪದ ನಿಕೋಸಿಯಾ–ಕಿರೀನಿಯಾ ರಸ್ತೆಯಲ್ಲಿ 1964ರ ಕೊನೆಯ ತಿಂಗಳುಗಳಿಂದ ಗ್ರೀಕ್ ಜನಾಂಗದ ಪ್ರಯಾಣಿಕರು ದಿನಕ್ಕೆರಡು ಬಾರಿ ಮಾತ್ರ, ವಿಶ್ವಸಂಸ್ಥೆಯ ಸೈನಿಕರ ಬೆಂಗಾವಲಿನಲ್ಲಿ, ಸಾಲಾಗಿ ಸಾಗಬೇಕಾಗಿತ್ತು. ಆ ಪಡೆಯ ದಂಡನಾಯಕರು ನಮ್ಮ ಕೊಡಗಿನ ಜನರಲ್ ಕೊಡಂದೆರ ಸುಬ್ಬಯ್ಯ ತಿಮ್ಮಯ್ಯನವರು.

1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದ ಇವರು 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ್ದು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಅವರ ಜೀವನದ ಮತ್ತೊಂದು ಮುಖ ಅಷ್ಟಾಗಿ ಪರಿಚಿತವಲ್ಲ. 1947ರಲ್ಲಿ ಪಂಜಾಬಿನ ನಿರಾಶ್ರಿತರ ರಕ್ಷಣೆ ಅವರ ಹೊಣೆಯಾಗಿತ್ತು. 1953ರಲ್ಲಿ ಕೊರಿಯಾದಲ್ಲಿ, ಸ್ವದೇಶಕ್ಕೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯವನ್ನು ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಬಲಾತ್ಕಾರದಿಂದ ಒಬ್ಬನನ್ನೂ ಹಿಂದಕ್ಕೆ ಕಳುಹಿಸಬಾರದೆಂಬ ನಿಯಮವನ್ನು ಅವರು ಸಡಿಲಗೊಳಿಸಲಿಲ್ಲ.

1963ರ ಡಿಸೆಂಬರಿನಲ್ಲಿ ಸೈಪ್ರಸ್ಸಿನ ಗ್ರೀಕರಿಗೂ ತುರ್ಕರಿಗೂ ಕಲಹ ಹೊತ್ತಿಕೊಂಡು, ಸುಮಾರು 25,000 ತುರ್ಕರು ಮನೆಮಠ ತೊರೆದು ಅಲ್ಲಲ್ಲಿನ ಇಕ್ಕಟ್ಟಾದ ನೆಲೆಗಳಲ್ಲಿ ಸೇರಿಕೊಂಡಿದ್ದರು. 1964ರ ಜುಲೈನಲ್ಲಿ ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡಾಗ ಕೈಯಲ್ಲಿದ್ದುದು ನಾನಾ ದೇಶಗಳ ಸುಮಾರು 6,000 ಸೈನಿಕರು. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವಂತಿರಲಿಲ್ಲ. ದಾಸೋಹದ ಮನೆಯಲ್ಲಿ ಬಂದವರಿಗೆ ಅನ್ನ ಬಡಿಸಿ ಬೆಳೆದ ನಮಗೆ ಅಲ್ಲಿಯ ಕಷ್ಟ ಸುಲಭವಾಗಿ ಅರ್ಥವಾಗದು. ಪರಿಹಾರ ಸಾಮಗ್ರಿ ಒಳಹೋಗಲು ಸರ್ಕಾರದ ಒಪ್ಪಿಗೆ ಬೇಕು. ಒಳಗಿನವರ ನಂಬಿಕೆಯೂ ಬೇಕು. ಭದ್ರಾವತಿಗೆ ಹೆಸರು ತಂದ ಕಬ್ಬಿಣ, ಸಿಮೆಂಟುಗಳೇ ಅಲ್ಲಿ ಯುದ್ಧೋಪಯೋಗಿ ವಸ್ತುಗಳೆಂದು ನಿರ್ಬಂಧಕ್ಕೊಳಗಾಗಿದ್ದವು. ನಿರಾಶ್ರಿತನ ಸೂರಿಗೆ ಬೇಕಾದ ಸಿಮೆಂಟೇ ಗುಂಡಿನ ಗೂಡು ಕಟ್ಟಲೂ ಒದಗುತ್ತದೆಂಬ ಸರ್ಕಾರದ ಭಯವನ್ನು ಸುಳ್ಳೆನ್ನುವಂತಿರಲಿಲ್ಲ. ಚಳಿಯಲ್ಲಿ ನಡುಗುವ ಮಗುವಿನ ಕಷ್ಟವೂ ಸುಳ್ಳಲ್ಲ. ಆದ್ದರಿಂದ ಪಡೆಯ ದಿನಚರಿಯೆಂದರೆ ಕಾದಾಟಕ್ಕಿಂತ ಹೆಚ್ಚಾಗಿ ಮಾತುಕತೆ: ತಡೆಗಟ್ಟೆಗಳಲ್ಲಿ ನಿಂತು ಎರಡೂ ಕಡೆಯವರನ್ನು ಒಪ್ಪಿಸುವುದು, ಆಹಾರದ ಲಾರಿಗಳಿಗೆ ಬೆಂಗಾವಲಾಗುವುದು, ಕೊಯ್ಲಿನ ಕಾಲದಲ್ಲಿ ರೈತರ ಹೊಲಗಳಿಗೆ ಕಾವಲು ನಿಲ್ಲುವುದು. ಜೋಜಿಲಾದ ವೀರನಿಗೆ ಇದು ಚಿಕ್ಕ ಕೆಲಸವೆಂದು ತೋರಬಹುದು. ನನಗೆ ಮಾತ್ರ ಇದೇ ಹೆಚ್ಚು ಕಠಿಣವಾದುದೆನಿಸುತ್ತದೆ.

ಎಲ್ಲವೂ ಕೈಗೂಡಲಿಲ್ಲ. ನೆಲೆ ತಪ್ಪಿದವರಲ್ಲಿ ಬಹುಪಾಲು ಜನ ಅವರ ಕಾಲದಲ್ಲಿ ಊರಿಗೆ ಮರಳಲಾಗಲಿಲ್ಲ. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ, ತಿಮ್ಮಯ್ಯನವರು ಹೃದಯಾಘಾತದಿಂದ ಸೈಪ್ರಸ್ಸಿನಲ್ಲಿ ನಿಧನರಾದರು. ಯಾವ ಸರ್ಕಾರದ ನಿರ್ಬಂಧಗಳ ನಡುವೆ ಅವರು ದಾರಿ ಬಿಡಿಸಲು ಹೆಣಗಿದರೋ ಅದೇ ಸರ್ಕಾರ 1966ರಲ್ಲಿ ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.